ಬಾಡಿಯಲ್ಲಿ ಜಾಗ ಇದೆ ಅಂತ ತುಂಬಿಸಬೇಡಿ

ಮಾನ್ಯ ಸಂಪಾದಕರೇ,

ಹದಿನಾರು ವರ್ಷದಿಂದ ಪಿಕಪ್ ಓಡಿಸುತ್ತಿದ್ದೇನೆ. ಮರಳು, ಜಲ್ಲಿ, ಕಲ್ಲು ಹೇರುವಾಗೆಲ್ಲ ನನಗೆ ಕೇಳಿಬರುವುದು ಒಂದೇ ಮಾತು: ‘ಇನ್ನೂ ಅರ್ಧ ಬಾಡಿ ಖಾಲಿ ಇದೆಯಲ್ಲಪ್ಪಾ, ಹಾಕು.’

ನನ್ನ ಗಾಡಿಯ ಬಾಡಿ ಎರಡೂವರೆ ಮೀಟರ್ ಉದ್ದ, 1.7 ಮೀಟರ್ ಅಗಲ. ಹೊರಬಹುದಾದ ಭಾರ 1,250 ಕೆ.ಜಿ. ಒಣ ಮರಳು ಘನ ಮೀಟರಿಗೆ ಸುಮಾರು 1,600 ಕೆ.ಜಿ. ತೂಗುತ್ತದೆ. ಲೆಕ್ಕ ಹಾಕಿ ನೋಡಿ, 18 ಸೆಂ.ಮೀ. ಹರಡುವಷ್ಟರಲ್ಲಿ ಲೋಡು ಮುಗಿಯಿತು. ಒಂದು ಗೇಣೂ ಇಲ್ಲ! ನೀರು ಸೋರುವ ಮರಳಾದರೆ ಇನ್ನೂ ಕಡಿಮೆ. ಜೊತೆಗೆ ಹತ್ತಿ ಕೂರುವ ಆಳುಗಳ ತೂಕವನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಳೆದ ವರ್ಷ ಬಾಡಿಗೆ ಕೈತಪ್ಪೀತೆಂದು ನಾನೂ ಒಪ್ಪಿಕೊಂಡೆ. ಕಟ್ಟಡದ ಕಲ್ಲು, ಹೆಚ್ಚಿನದೆಲ್ಲ ಹಿಂದಿನ ಚಕ್ರದಿಂದ ಆಚೆಗೇ ಬಿದ್ದಿತ್ತು. ಹೊರಟ ಸ್ವಲ್ಪ ಹೊತ್ತಿಗೇ ಸ್ಟೇರಿಂಗ್ ಹಗುರಾಯಿತು, ಮುಂದಿನ ಚಕ್ರ ನೆಲ ಕಚ್ಚುತ್ತಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು. ಎಷ್ಟು ಒತ್ತಿ ತುಳಿದರೂ ಬ್ರೇಕ್ ಹಿಡಿಯಲಿಲ್ಲ. ಸೆಕೆಂಡ್ ಗೇರಿಗೆ ಹಾಕಿ, ರಸ್ತೆಯ ಪಕ್ಕದ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಹತ್ತಿರ ಕೈ ತಂದರೆ ಉರಿಯುವ ಒಲೆಯ ಮುಂದೆ ಹಿಡಿದಂತಿತ್ತು. ನನ್ನ ಜೊತೆಗಿದ್ದ ಹುಡುಗ ಕೆಳಗಿಳಿದು ಕೂತವನು ಅರ್ಧ ಗಂಟೆ ಮಾತಾಡಲಿಲ್ಲ.

‘ಎರಡು ಕಮಾನ್ ಪಟ್ಟಿ ಜಾಸ್ತಿ ಹಾಕಿಸು, ಎಷ್ಟು ಬೇಕಾದರೂ ಹೊರುತ್ತೆ’ ಎಂದು ಸಲಹೆ ಕೊಡುವವರು ಬಹಳ. ಕಮಾನ್ ಪಟ್ಟಿ ಅಂದರೆ ಚಕ್ರದ ಮೇಲೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿ; ಹೆಚ್ಚು ಹಾಕಿಸಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ಅಷ್ಟೇ. ಬ್ರೇಕು, ಆಕ್ಸಲ್, ಟೈರು ಹಳೆಯವೇ. ನನ್ನ ಪ್ರಕಾರ ಇದು ಇನ್ನೂ ಅಪಾಯ: ಭಾರ ಹೆಚ್ಚಾಗಿದೆ ಎಂದು ಗಾಡಿ ತೋರಿಸಿಕೊಡುತ್ತಿದ್ದ ಒಂದು ಗುರುತನ್ನೂ ನಾವೇ ಅಳಿಸಿದಂತಾಯಿತು. ಟೈರಿನ ಪಕ್ಕದಲ್ಲೇ ಅದು ತಾಳುವ ಭಾರದ ಸಂಕೇತ ಸಂಖ್ಯೆ ಅಚ್ಚಾಗಿರುತ್ತದೆ; ಅದು ನೇರ ಕೆ.ಜಿ. ಅಲ್ಲ. 100 ಎಂದಿದ್ದರೆ ಒಂದು ಟೈರಿಗೆ 800 ಕೆ.ಜಿ., ಅದೂ ಗಾಳಿ ಸರಿಯಾಗಿದ್ದರೆ. ಅದನ್ನು ಮೀರಿದರೆ ಟೈರಿನ ಪಕ್ಕ ಬಳುಕಿ ಬಳುಕಿ ಕಾಯುತ್ತದೆ, ಓಡುವಾಗಲೇ ಸಿಡಿಯುತ್ತದೆ. ರಾತ್ರಿಯಾದರೆ ಹಿಂದೆ ಕುಸಿದ ಗಾಡಿಯ ಹೆಡ್‌ಲೈಟು ನೇರ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಸಾಮಾನು ತರಿಸುವವರಲ್ಲಿ ನನ್ನ ವಿನಂತಿ ಇಷ್ಟೇ. ಬಾಡಿ ನೋಡಬೇಡಿ, ಗಾಡಿಗೆ ಎಷ್ಟು ಕೆ.ಜಿ. ಪಾಸಿಂಗ್, ಅಂದರೆ ಎಷ್ಟು ಭಾರ ಹೇರಲು ಅನುಮತಿ ಇದೆ ಎಂದು ಕೇಳಿ. ಎರಡು ಟ್ರಿಪ್ ಬೇಕಾದರೆ ಎರಡು ಬಾಡಿಗೆ ಕೊಡಿ. ‘ಇಷ್ಟು ಆಗಲ್ಲ’ ಎಂದ ಚಾಲಕನನ್ನು ಕಳಿಸಿ ಬೇರೆ ಗಾಡಿ ಕರೆಯುವುದನ್ನು ದಯವಿಟ್ಟು ನಿಲ್ಲಿಸಿ.

– ಒಬ್ಬ ಪಿಕಪ್ ಚಾಲಕ