ಕ್ರಿಸ್‌ಮಸ್ ಹಾಡಿನಲ್ಲಿ ಅಳುವ ತಾಯಂದಿರು

ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಮಾಲ್‌ಗಳಲ್ಲಿ, ಹೋಟೆಲುಗಳಲ್ಲಿ ಕ್ರಿಸ್‌ಮಸ್ ಹಾಡು ಶುರು. ಇವೆಲ್ಲ ಕುಣಿಯುವ ಹಾಡುಗಳೇ ಅಂದುಕೊಂಡವರು ‘ಕವೆಂಟ್ರಿ ಕ್ಯಾರಲ್’ ಒಮ್ಮೆ ಕೇಳಬೇಕು. ಅದೊಂದು ಜೋಗುಳ. ಬೈಬಲ್ ಕಥೆಯಂತೆ, ಯೇಸು ಹುಟ್ಟಿದ ಸುದ್ದಿ ಕೇಳಿ ಹೆರೋದ ರಾಜ ಬೆತ್ಲೆಹೇಮಿನ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಲು ಹೊರಟಾಗ ಅಲ್ಲಿನ ತಾಯಂದಿರು ತಮ್ಮ ಮಕ್ಕಳಿಗೆ ಹಾಡುವ ಜೋಗುಳ.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಉಣ್ಣೆಬಟ್ಟೆ ಕೆಲಸದವರು ಮತ್ತು ದರ್ಜಿಗಳ ಸಂಘ ಬೀದಿಯಲ್ಲಿ ಆಡುತ್ತಿದ್ದ ಬೈಬಲ್ ನಾಟಕದ ಹಾಡು ಇದು. ತಮಾಷೆ ಅಂದರೆ, ಆ ನಾಟಕ ನಡೆಯುತ್ತಿದ್ದದ್ದು ಬೇಸಿಗೆಯ ಕಾರ್ಪಸ್ ಕ್ರಿಸ್ಟಿ ಹಬ್ಬಕ್ಕೆ, ಕ್ರಿಸ್‌ಮಸ್‌ಗಲ್ಲ! ರಾಬರ್ಟ್ ಕ್ರೂ ಎಂಬಾತ 1534ರಲ್ಲಿ ನಾಟಕವನ್ನು ತಿದ್ದಿ ಬರೆದಿಟ್ಟ. ಹಾಡಿನ ರಾಗ 1591ರದ್ದು. ನಾಟಕದ ಆ ಹಸ್ತಪ್ರತಿ 1879ರಲ್ಲಿ ಬರ್ಮಿಂಗ್‌ಹ್ಯಾಮ್ ಗ್ರಂಥಾಲಯಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಥಾಮಸ್ ಶಾರ್ಪ್ ಎಂಬ ಇತಿಹಾಸಪ್ರಿಯ ಅದಕ್ಕೆ ಎಷ್ಟೋ ವರ್ಷ ಮೊದಲೇ ಅದನ್ನು ಅಚ್ಚು ಹಾಕಿಸಿದ್ದ. ಹಾಗಾಗಿ ಹಾಡು ಉಳಿಯಿತು. ಹಳೇ ಕಾಗದ ಹಿಡಿದು ಕೂರುವವರನ್ನು ನಾವು ಸುಮ್ನೆ ಕೆಲಸವಿಲ್ಲದವರು ಅಂತೀವಿ, ಅಲ್ವಾ?

1940ರ ನವೆಂಬರಿನಲ್ಲಿ ಜರ್ಮನಿಯ ಬಾಂಬಿಗೆ ಕವೆಂಟ್ರಿ ಉರಿಯಿತು. ಅದೇ ವರ್ಷದ ಕ್ರಿಸ್‌ಮಸ್‌ಗೆ ಪಾಳುಬಿದ್ದ ಕೆಥೆಡ್ರಲಿನಿಂದ ಬಿಬಿಸಿ ಈ ಹಾಡನ್ನು ಪ್ರಸಾರ ಮಾಡಿತು. ಹೊರಗಿನವರ ಕಿವಿಗೆ ಇದು ಜಾಸ್ತಿ ಬಿದ್ದದ್ದು ಅದಾದ ಮೇಲೆಯೇ.

ನಿಮ್ಮ ಕ್ರಿಸ್‌ಮಸ್ ಪುರವಣಿಯಲ್ಲಿ ಕೇಕ್ ಮಾಡುವ ವಿಧಾನ ಪ್ರತಿ ವರ್ಷ ಇರುತ್ತದೆ, ಇರಲಿ. ಜೊತೆಗೆ ಇಂಥ ಹಾಡುಗಳ ಕಥೆಗೂ ಅರ್ಧ ಪುಟ ಕೊಡಿ.

— ಒಬ್ಬ ಓದುಗ, ಮೈಸೂರು