ಭೇದಿ ನಿಲ್ಲಿಸುವ ಮಾತ್ರೆ: ಕೇಳದೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ ಕಡೆಯ ಮೆಡಿಕಲ್ ಶಾಪ್‌ಗಳಲ್ಲಿ ‘ಹೊಟ್ಟೆ ಕೆಟ್ಟಿದೆ, ಎರಡು ಮಾತ್ರೆ ಕೊಡಿ’ ಎನ್ನುವವರು ಹೆಚ್ಚುತ್ತಾರೆ. ಅಂಗಡಿಯವರು ಕತ್ತರಿ ತೆಗೆದು ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸುತ್ತಾರೆ. ಔಷಧಿಯ ಹೆಸರು, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಕೆಂಪು ಗೆರೆ, ಎಕ್ಸ್‌ಪೈರಿ ದಿನಾಂಕ ಎಲ್ಲ ಅಂಗಡಿಯಲ್ಲೇ ಉಳಿದು, ಬರೀ ಬೆಳ್ಳಿ ಬಣ್ಣದ ತುಂಡು ಗಿರಾಕಿಯ ಜೇಬಿಗೆ ಹೋಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತನಾದ ನನಗೆ ಇದನ್ನು ನೋಡುತ್ತಾ ಸುಮ್ಮನಿರಲು ಆಗುತ್ತಿಲ್ಲ.

ಹೀಗೆ ಕೊಡುವುದು ಹೆಚ್ಚಾಗಿ ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಎರಡೂ ಸೇರಿದ ಮಾತ್ರೆ. ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಅಮೀಬಾದಂಥ ಜೀವಿಗಳಿಗೆ. ಸಾಮಾನ್ಯ ನೀರುಭೇದಿಗೆ ಬಹುತೇಕ ಇವೆರಡೂ ಬೇಕಾಗುವುದಿಲ್ಲ. ಬೇಕಿರುವುದು ಓಆರ್‌ಎಸ್. ಅದು ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಟೀ ಚಮಚವೇ ಆಗಿರಲಿ, ಗುಡ್ಡೆ ಮಾಡದೆ ಅಂಚಿನ ಮಟ್ಟಕ್ಕೆ ಅಳೆಯಿರಿ.

ಕಳೆದ ಸುಗ್ಗಿಯಲ್ಲಿ ಪಕ್ಕದ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರೊಬ್ಬರು ಹೀಗೇ ತಂದ ಮಾತ್ರೆ ನುಂಗಿ, ಸಂಜೆ ಎಂದಿನಂತೆ ಸ್ವಲ್ಪ ಕುಡಿದರು. ಮುಖ ಕೆಂಪೇರಿತು, ವಾಂತಿ ನಿಲ್ಲಲಿಲ್ಲ, ಎದೆ ಡವಗುಟ್ಟಿತು. ಮನೆಯವರು ಹಾರ್ಟ್ ಅಟ್ಯಾಕ್ ಎಂದು ಹೆದರಿ ರಾತ್ರಿಯೇ ಆಸ್ಪತ್ರೆಗೆ ಒಯ್ದರು. ಆರ್ನಿಡಜೋಲ್ ಗುಂಪಿನ ಔಷಧಿ ತೆಗೆದುಕೊಳ್ಳುವಾಗ, ಮುಗಿಸಿದ ಮೇಲೂ ಮೂರು ದಿನ, ಮದ್ಯ ಮುಟ್ಟಬಾರದು. ಆ ಒಂದು ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆಫ್ಲಾಕ್ಸಾಸಿನ್ ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಸಕ್ಕರೆಯನ್ನು ಇದ್ದಕ್ಕಿದ್ದಂತೆ ಇಳಿಸಬಲ್ಲದು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು) ಊದಿ ಹರಿಯುವ ಅಪಾಯವೂ ಇದೆ. 60 ದಾಟಿದವರಿಗೆ, ಸ್ಟಿರಾಯ್ಡ್ ಸೇವಿಸುವವರಿಗೆ ಅದು ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇದಕ್ಕೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಮರ ಹತ್ತಿ ಹೊಟ್ಟೆ ಹೊರೆಯುವವರಿಗೆ ಇದು ಸಣ್ಣ ವಿಷಯವಲ್ಲ. ಫಿಟ್ಸ್ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಗ್ಯಾಸ್‌ಗೆ ಕುಡಿಯುವ ಆಂಟಾಸಿಡ್, ಕಬ್ಬಿಣದ ಮಾತ್ರೆ ಜೊತೆಗೇ ಹೋದರೆ ಔಷಧಿ ಮೈಗೆ ಹತ್ತುವುದಿಲ್ಲ. ಕನಿಷ್ಠ ಎರಡು ಗಂಟೆ ಅಂತರ ಬೇಕು.

ಮಲೆನಾಡಿಗೆ ಇನ್ನೊಂದು ಅಪಾಯವಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಬೇಸಿಗೆ ಮುಗಿಯುವವರೆಗೂ ಕಾಡುತ್ತದೆ. ಅದರಲ್ಲಿ ಜ್ವರದ ಜೊತೆ ವಾಂತಿ, ಭೇದಿಯೂ ಬರುವುದುಂಟು. ಅದು ವೈರಸ್, ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಹೊಟ್ಟೆ ಕೆಟ್ಟಿದೆಯೆಂದು ಎರಡು ದಿನ ಮಾತ್ರೆ ನುಂಗುತ್ತಾ ಕೂತರೆ ರಕ್ತ ಪರೀಕ್ಷೆ ಅಷ್ಟು ತಡವಾಗುತ್ತದೆ. ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ ಹೋಗಿ.

ಅಂಗಡಿಯವರಲ್ಲಿ ನನ್ನ ವಿನಂತಿ: ಚೀಟಿ ಇಲ್ಲದೆ ಬಂದವರಿಗೆ ಮೊದಲು ಓಆರ್‌ಎಸ್ ಕೊಡಿ. ಚೀಟಿ ತಂದವರಿಗೂ ಸಕ್ಕರೆ ಮಾತ್ರೆ ತಿನ್ನುತ್ತೀರಾ, ಕುಡಿಯುತ್ತೀರಾ ಎಂದು ಕೇಳಿ, ಕವರಿನ ಮೇಲೆ ಔಷಧಿಯ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ. ಔಷಧ ನಿಯಂತ್ರಣ ಇಲಾಖೆಯವರು ಈ ಸಲ ಕೊಯ್ಲು ಶುರುವಾಗುವ ಮೊದಲೇ ತಾಲ್ಲೂಕಿನ ಅಂಗಡಿಗಳಿಗೆ ಒಮ್ಮೆ ಭೇಟಿ ಕೊಡಲಿ.

— ಒಬ್ಬ ನಿವೃತ್ತ ಫಾರ್ಮಸಿಸ್ಟ್, ತೀರ್ಥಹಳ್ಳಿ ತಾಲ್ಲೂಕು