ಮಳೆಯನ್ನು ಬೈಯುವ ಮೊದಲು ಡಿಶ್ ಕಂಬ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದರೆ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು: ‘ಮಳೆ ಬಂತು, ಟಿ.ವಿ. ಹೋಯ್ತು.’ ಹತ್ತು ವರ್ಷ ನಾನೂ ಇದನ್ನೇ ಹೇಳಿದವಳು. ಈ ಸಲ ಜೂನ್‌ನಲ್ಲಿ ನಮ್ಮ ಅಂಗಳದಲ್ಲಿ ಕಂಡದ್ದನ್ನು ಕಂಡ ಮೇಲೆ ಆ ಮಾತು ಅರ್ಧ ಮಾತ್ರ ನಿಜ ಎಂದು ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಆಗುಂಬೆ ಹೋಬಳಿಯಲ್ಲಿ ತೋಟದ ನಡುವಿನ ಒಂಟಿ ಮನೆ. ಕೇಬಲ್ ಇಲ್ಲಿಗೆ ಬಂದಿಲ್ಲ, ಮೊಬೈಲಿಗೆ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ದೂರದರ್ಶನದ ಫ್ರೀ ಡಿಶ್ ಒಂದೇ ಗತಿ. ತಿಂಗಳಿಗೆ ದುಡ್ಡು ಕಟ್ಟುವ ರಗಳೆ ಇಲ್ಲ, ಚಂದನ ಬರುತ್ತದೆ. ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆ ಮಂಡಿನೋವಿನಿಂದ ಜಗಲಿ ದಾಟಲಾರರು. ‘ಥಟ್ ಅಂತ ಹೇಳಿ’ ಶುರುವಾದರೆ ಮಾತ್ರ ಅವರ ದನಿಯೇ ಬೇರೆ, ಉತ್ತರ ಎಲ್ಲರಿಗಿಂತ ಮೊದಲು ಅವರೇ ಹೇಳಬೇಕು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ನನ್ನ ಮಗ ಹೈಸ್ಕೂಲಿನ ಪಾಠ ಕೇಳಿದ್ದೂ ಇದೇ ಚಂದನದಲ್ಲಿ. ಹಾಗಾಗಿ ಡಿಶ್ ಕೆಟ್ಟರೆ ನಮಗೆ ಅದು ಸಣ್ಣ ವಿಷಯವಲ್ಲ.

ಮೇ ಕೊನೆಯ ಗಾಳಿಮಳೆಗೆ ಚಿತ್ರ ಹೋಯಿತು. ಪೇಟೆಯಿಂದ ಡಿಶ್ ಕೂರಿಸುವವರನ್ನು ಕರೆಸಿದೆವು. ಬಂದರು, ಬೋಲ್ಟ್ ಸಡಿಲಿಸಿ ಆಚೆ ಈಚೆ ಆಡಿಸಿದರು. ಚಿತ್ರ ಬಂದ ತಕ್ಷಣ ಬಿಗಿ ಮಾಡಿ ನಾನೂರು ರೂಪಾಯಿ ತೆಗೆದುಕೊಂಡು ಹೋದರು. ನಾಲ್ಕು ಹನಿ ಬಿದ್ದದ್ದೇ ಮತ್ತೆ ‘ನೋ ಸಿಗ್ನಲ್’. ಹೀಗೆ ಮೂರು ಸಲ, ಸಾವಿರದ ಇನ್ನೂರು. ಮೂರನೇ ಸಲ ಅವರು ‘ಅಕ್ಕ, ಇದು ಆಗುಂಬೆ ಮಳೆ, ಏನೂ ಮಾಡಕ್ಕಾಗಲ್ಲ’ ಎಂದರು. ಅವರನ್ನು ದೂರಲಾರೆ. ದಿನಕ್ಕೆ ಏಳೆಂಟು ಮನೆ ತಿರುಗುವವರು, ಯಾರೂ ಕೂರಿಸಿಕೊಂಡು ಹೇಳಿಕೊಟ್ಟವರಿಲ್ಲ.

ಡಿಗ್ರಿ ಓದುವ ಮಗ ರಜೆಗೆ ಬಂದಾಗ ಸೆಟ್‌ಟಾಪ್ ಬಾಕ್ಸಿನ ಜೊತೆ ಬಂದಿದ್ದ ಪುಸ್ತಿಕೆ ಹುಡುಕಿದೆವು. ಕನ್ನಡದ ಒಂದಕ್ಷರ ಅದರಲ್ಲಿಲ್ಲ. ದೊಡ್ಡ ಊರುಗಳ ಪಟ್ಟಿ, ಪ್ರತಿ ಊರಿನ ಮುಂದೆ ‘ಎಲಿವೇಷನ್’ ಎಂದು ಒಂದು ಸಂಖ್ಯೆ. ದಿಲ್ಲಿಗೆ 52, ಬೆಂಗಳೂರಿಗೆ 66. ತೀರ್ಥಹಳ್ಳಿ ಎಲ್ಲಿಂದ ಬರಬೇಕು? ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಗನೇ ಲೆಕ್ಕ ಹಾಕಿದ.

ಲೆಕ್ಕ ಇಷ್ಟೇ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿಸಿದ್ದು. ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾತ್ರಾಕ್ಕೂ ಪಶ್ಚಿಮಕ್ಕೆ ಹಿಂದೂ ಮಹಾಸಾಗರದ ನೆತ್ತಿಯ ಮೇಲೆ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ ಇದೆ. ಭೂಮಿಯ ಜೊತೆಗೇ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತಂತೆ. ಅದನ್ನು ಜಾಗ ಕದಲದಂತೆ ಕಾಯುವವರು ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು. ಎಲಿವೇಷನ್ ಎಂದರೆ ನಮ್ಮ ಅಂಗಳದಲ್ಲಿ ನಿಂತು ನೋಡಿದರೆ ದಿಗಂತದಿಂದ ಎಷ್ಟು ಮೇಲೆ ಆ ಉಪಗ್ರಹ ಇದೆ ಎಂಬ ಕೋನ. ಊರು ಬದಲಾದರೆ ಕೋನವೂ ಬದಲಾಗುತ್ತದೆ. ಬೀದರ್‌ಗೆ 62, ಕಾರವಾರಕ್ಕೆ 62ಕ್ಕೂ ತುಸು ಕಡಿಮೆ, ಚಾಮರಾಜನಗರಕ್ಕೆ 66. ನಮ್ಮ ತಾಲ್ಲೂಕಿಗೆ 63.4 ಡಿಗ್ರಿ. ದಿಕ್ಕು ಆಗ್ನೇಯಕ್ಕಿಂತ ಸ್ವಲ್ಪ ಪೂರ್ವಕ್ಕೆ, ದಿಕ್ಸೂಚಿಯಲ್ಲಿ 126. ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಬೇಕು.

ಈ 63.4 ಎಂಬುದನ್ನು ಅಳೆಯಲು ಕೋನಮಾಪಕವೂ ಬೇಡ. ಒಂದು ಅಡಿ ಉದ್ದ, ಎರಡು ಅಡಿ ಎತ್ತರಕ್ಕೆ ರಟ್ಟಿನ ತ್ರಿಕೋನ ಕತ್ತರಿಸಿದರೆ ಅದರ ಓರೆ ಅಂಚೇ ನಮ್ಮ ತಾಲ್ಲೂಕಿನ ಎಲಿವೇಷನ್. ನಾನು ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು ಕತ್ತರಿಸಿ, ಡಿಶ್ ಪಕ್ಕದಲ್ಲಿ ಮಟ್ಟವಾಗಿ ಹಿಡಿದು ಆ ಅಂಚಿನ ಮೇಲೆ ಕಣ್ಣಿಟ್ಟೆ. ಅಡಿಕೆ ಮರದ ಸೋಗೆಗಳ ಸಂದಿಯಲ್ಲಿ ಬರೀ ಆಕಾಶ. ಅಡ್ಡ ಏನೂ ಇರಲಿಲ್ಲ. ಇದರಿಂದಲೇ ಇನ್ನೊಂದು ಲೆಕ್ಕವೂ ಸಿಕ್ಕಿತು: ಆ ದಿಕ್ಕಿನಲ್ಲಿ ಇಪ್ಪತ್ತು ಅಡಿ ದೂರದ ಮರ ಡಿಶ್‌ಗಿಂತ ನಲವತ್ತು ಅಡಿ ಎತ್ತರವಾದರೆ ಮಾತ್ರ ತೊಂದರೆ. ಸುಮ್ಮನೆ ಎಷ್ಟು ಜನ ಮರ ಕಡಿಸಿದ್ದಾರೋ ಎಂದು ನೆನೆದರೆ ಸಂಕಟವಾಗುತ್ತದೆ.

ಹಾಗಾದರೆ ತಪ್ಪು ಎಲ್ಲಿ? ಡಿಶ್‌ನ ಹಿಂದೆ, ಕಂಬಕ್ಕೆ ಕಚ್ಚುವ ಕ್ಲ್ಯಾಂಪಿನಲ್ಲಿ ಡಿಗ್ರಿ ಗೀಟುಗಳಿರುತ್ತವೆ. ನಮ್ಮದರಲ್ಲಿ ಗುರುತು 64ನ್ನು ದಾಟಿ 65ರ ಹತ್ತಿರ ನಿಂತಿತ್ತು. ಆ ಗೀಟು ಸುಳ್ಳು ಹೇಳುವುದಿಲ್ಲ, ಆದರೆ ಒಂದು ಷರತ್ತಿದೆ: ಕಂಬ ನೆಟ್ಟಗಿರಬೇಕು. ಹೊಲಿಗೆ ದಾರಕ್ಕೆ ಒಂದು ಕಬ್ಬಿಣದ ನಟ್ ಕಟ್ಟಿ ಕಂಬದ ತುದಿಯಿಂದ ಇಳಿಬಿಟ್ಟೆ. ಮೂರು ಅಡಿ ಕಂಬ. ಬುಡದ ಹತ್ತಿರ ದಾರಕ್ಕೂ ಕಂಬಕ್ಕೂ ನನ್ನ ಎರಡು ಬೆರಳು ತೂರುವಷ್ಟು ಜಾಗ. ಅಂದರೆ ಕಂಬ ಸುಮಾರು ಎರಡೂವರೆ ಡಿಗ್ರಿ ಮುಂದಕ್ಕೆ, ಆಗ್ನೇಯಕ್ಕೇ ವಾಲಿತ್ತು. ಕಾರಣವೂ ಅಲ್ಲೇ ಇತ್ತು. ಏಪ್ರಿಲ್‌ನಿಂದ ಕರುವನ್ನು ಆ ಕಂಬಕ್ಕೇ ಕಟ್ಟುತ್ತಿದ್ದೆವು. ಕೊಟ್ಟಿಗೆ ಇರುವುದು ಆ ಬದಿಯಲ್ಲಿ, ತಾಯಿ ಕೂಗಿದಾಗಲೆಲ್ಲ ಅದು ಆ ಕಡೆಗೇ ಎಳೆಯುತ್ತಿತ್ತು. ಗಾಳಿಮಳೆ ಉಳಿದ ಕೆಲಸ ಮುಗಿಸಿತು. ಗೀಟಿನಲ್ಲಿ 65ರ ಹತ್ತಿರ ಇದ್ದರೂ ಡಿಶ್ ನಿಜವಾಗಿ ನೋಡುತ್ತಿದ್ದದ್ದು 62ರ ಆಸುಪಾಸನ್ನು.

ಒಂದೂವರೆ ಡಿಗ್ರಿ ಏನು ಮಹಾ ಎನ್ನಬಹುದು. ಅಷ್ಟು ದೂರದಲ್ಲಿ ಒಂದೊಂದು ಡಿಗ್ರಿಯೂ ಆರುನೂರು ಕಿ.ಮೀ.ಗಿಂತ ಹೆಚ್ಚು. ಮನೆಗಳಲ್ಲಿ ಹಾಕುವ ಅರವತ್ತು ಸೆಂ.ಮೀ. ಡಿಶ್ ಒಂದೂವರೆ ಡಿಗ್ರಿ ತಪ್ಪಿದರೆ ಸಿಗ್ನಲ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿಯೇ ಎಲ್ಲರೂ ಮೋಸಹೋಗುವುದು. ಹಳೇ ಆಂಟೆನಾದಲ್ಲಿ ಸಿಗ್ನಲ್ ಕಡಿಮೆಯಾದರೆ ಪರದೆ ತುಂಬ ನುಸಿ ಹಾರಿದಂತೆ ಚುಕ್ಕಿ ಕಾಣುತ್ತಿತ್ತು, ಸರಿಮಾಡಿಕೊಳ್ಳುತ್ತಿದ್ದೆವು. ಡಿಜಿಟಲ್‌ನಲ್ಲಿ ಹಾಗಿಲ್ಲ. ಬಿಸಿಲಿದ್ದಾಗ ಅರ್ಧ ಸಿಗ್ನಲ್‌ನಲ್ಲೂ ಚಿತ್ರ ಗಾಜಿನಷ್ಟು ಸ್ವಚ್ಛ. ಮಳೆ ಹನಿ ಈ ತರಂಗವನ್ನು ಹೀರುತ್ತದೆ. ಕೈಯಲ್ಲಿ ಉಳಿಕೆ ಇದ್ದವರ ಮನೆಯಲ್ಲಿ ಟಿ.ವಿ. ನಡೆಯುತ್ತದೆ, ಅಂಚಿನಲ್ಲಿದ್ದವರ ಮನೆಯಲ್ಲಿ ಒಮ್ಮೆಲೇ ನಿಲ್ಲುತ್ತದೆ. ಆಮೇಲೆ ಬೈಗುಳ ಮಳೆಗೆ.

ಕರುವನ್ನು ಬೇರೆ ಕಡೆ ಕಟ್ಟಿದೆವು. ಕಂಬದ ಬುಡ ಬಿಡಿಸಿ, ಜಂಬಿಟ್ಟಿಗೆಯ ಚಕ್ಕೆ ಬಡಿದು, ರಸಮಟ್ಟ ಹಿಡಿದು ನೆಟ್ಟಗೆ ಮಾಡಿ ಸಿಮೆಂಟ್ ಹಾಕಿದೆವು. ಎರಡು ದಿನ ಬಿಟ್ಟು 12-13ರ ಸ್ಪ್ಯಾನರ್ ಹಿಡಿದು ನಾನು ಅಂಗಳದಲ್ಲಿ, ಮಗ ಒಳಗೆ ಟಿ.ವಿ. ಮುಂದೆ. ಮೆನುವಿನಲ್ಲಿ ‘ಕ್ವಾಲಿಟಿ’ ಎಂಬ ಪಟ್ಟಿ ಇರುತ್ತದೆ, ನೋಡಬೇಕಾದದ್ದು ಅದನ್ನು. ಒಂದು ಕೂದಲೆಳೆಯಷ್ಟು ಎತ್ತುವುದು, ಹತ್ತು ಎಣಿಸುವುದು, ಮಗ ಕೂಗಿದ ಸಂಖ್ಯೆ ಕೇಳುವುದು. ಬಾಕ್ಸ್‌ಗೆ ಸಿಗ್ನಲ್ ಹಿಡಿಯಲು ಕೆಲವು ಸೆಕೆಂಡ್ ಬೇಕು, ಅವಸರ ಮಾಡಿದರೆ ದಾಟಿಯೇ ಹೋಗುತ್ತದೆ. ಮೇಲೆ ಎಲ್ಲಿ ಚಿತ್ರ ಹೋಯಿತು, ಕೆಳಗೆ ಎಲ್ಲಿ ಹೋಯಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಸರಿಯಾಗಿ ನಡುವೆ ನಿಲ್ಲಿಸಿದೆ. ಎರಡೂ ಬದಿಯ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಮಾಡಬೇಕು, ಒಂದೇ ಬದಿ ತಿರುಗಿಸಿದರೆ ಡಿಶ್ ಜರುಗುತ್ತದೆ. 38 ಇದ್ದ ಕ್ವಾಲಿಟಿ 71ಕ್ಕೆ ಬಂತು.

ಡಿಶ್ ಆಕಾಶಕ್ಕೆ ಸಾಕಷ್ಟು ಮುಖ ಮಾಡಿಲ್ಲ ಎಂದು ಕೈಯಿಂದ ಇನ್ನೂ ಹಿಂದಕ್ಕೆ ಬಗ್ಗಿಸುವವರಿದ್ದಾರೆ. ದಯವಿಟ್ಟು ಬೇಡ. ಈ ಡಿಶ್‌ಗಳ ರಚನೆಯೇ ಹಾಗೆ, ಬಟ್ಟಲಿನ ಮುಖ ನಿಜವಾದ ಕೋನಕ್ಕಿಂತ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಕೆಳಗೆ ನೋಡುತ್ತದೆ. ಕ್ಲ್ಯಾಂಪಿನ ಗೀಟು ಅದನ್ನು ಲೆಕ್ಕಕ್ಕೆ ಹಿಡಿದೇ ಹಾಕಿರುವುದು.

ಆಮೇಲೆ ಜುಲೈ ಪೂರ್ತಿ ನಮ್ಮಲ್ಲಿ ಸುರಿದದ್ದು ಆಗುಂಬೆಯ ಮಳೆಯೇ. ಮುಂದಿನ ತೋಟ ಕಾಣದ ಹಾಗೆ ಹೊಯ್ದಾಗ ಹತ್ತು-ಹದಿನೈದು ನಿಮಿಷ ಚಿತ್ರ ಹೋದದ್ದುಂಟು, ಅದು ಯಾರ ಮನೆಯಲ್ಲೂ ಹೋಗುತ್ತದೆ. ಉಳಿದ ಜಿಟಿಜಿಟಿ ಮಳೆಗೆಲ್ಲ ಅತ್ತೆಯ ಟಿ.ವಿ. ನಿಂತಿಲ್ಲ.

ನನ್ನ ವಿನಂತಿ ದೊಡ್ಡದಲ್ಲ. ಬಾಕ್ಸ್ ಮಾರುವವರು ಪೆಟ್ಟಿಗೆಯ ಮೇಲೆ ಕರ್ನಾಟಕದ ತಾಲ್ಲೂಕುಗಳ ಎಲಿವೇಷನ್ ಮತ್ತು ದಿಕ್ಕನ್ನು ಕನ್ನಡದಲ್ಲಿ ಅಚ್ಚು ಹಾಕಲಿ. ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಆ ಊರಿನ ಎರಡು ಸಂಖ್ಯೆ ಬರೆಸಲಿ. ಉಪಗ್ರಹ ಅಲ್ಲೇ ಇರುವವರೆಗೆ ಅವು ಬದಲಾಗುವುದಿಲ್ಲ. ತಾವು ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಆ ಪಟ್ಟಿಯನ್ನು ಪತ್ರಿಕೆಯಲ್ಲಿ ಹಾಕಿದರೆ ಎಷ್ಟೋ ಮನೆಗಳಿಗೆ ಉಪಕಾರ.

ಮರ ಅಡ್ಡ ಇದೆಯೋ ಎಂಬ ಅನುಮಾನ ಇರುವವರಿಗೆ ಸೂರ್ಯನೇ ತೋರಿಸುವ ದಾರಿಯೂ ಇದೆ. ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಹಾದುಹೋಗುತ್ತಾನೆ. ನಮ್ಮ ಕಡೆ ಮಾರ್ಚ್ ಮಧ್ಯಭಾಗದಲ್ಲಿ ಬೆಳಿಗ್ಗೆ ಹನ್ನೊಂದೂಕಾಲರ ಸುಮಾರಿಗೆ, ಸೆಪ್ಟೆಂಬರ್ ಕೊನೆಯಲ್ಲಿ ಹನ್ನೊಂದಕ್ಕೆ ಐದಾರು ನಿಮಿಷ ಮೊದಲು. ಆಗ ಡಿಶ್ ಮೇಲೆ ಬಿಸಿಲು ಬಿದ್ದರೆ ದಾರಿ ಸಲೀಸು, ನೆರಳು ಬಿದ್ದರೆ ಆ ನೆರಳಿನ ಕೊಂಬೆಯೇ ಅಡ್ಡಿ. ಪಕ್ಕದ ಮನೆಯವರು ಹಲಸಿನ ಮರ ಕಡಿಸುವ ಯೋಚನೆಯಲ್ಲಿದ್ದಾರೆ. ಸೆಪ್ಟೆಂಬರ್ 29ರವರೆಗೆ ತಡೆಯಿರಿ ಎಂದಿದ್ದೇನೆ. ಮೋಡ ಬಿಟ್ಟರೆ ಅಂದು ಬೆಳಿಗ್ಗೆ ಅವರ ಅಂಗಳಕ್ಕೆ ಹೋಗಿ ನಿಂತು ನೋಡುವವಳಿದ್ದೇನೆ.

ಇಂತಿ,
ಓರ್ವ ಕೃಷಿಕ ಮಹಿಳೆ
ಆಗುಂಬೆ ಹೋಬಳಿ, ತೀರ್ಥಹಳ್ಳಿ ತಾಲ್ಲೂಕು